ನೀಲವ್ವ ತಿದ್ದಿದ ಆನೆಗಳು

ಹೊಳೆದಂಡೆಯ ಮಠದಲ್ಲಿ ಸಣ್ಣ ಮಕ್ಕಳ ಶಾಲೆಯೊಂದಿತ್ತು. ಇಪ್ಪತ್ತೆಂಟು ಮಕ್ಕಳು. ಪಾಠ ಹೇಳುತ್ತಿದ್ದವಳು ಶಿಷ್ಯೆ ನೀಲವ್ವ.

ಆಕೆ ದಿನಕ್ಕೊಂದು ಪ್ರಾಣಿಯ ಗೆರೆಚಿತ್ರವನ್ನು ಎಲ್ಲರ ಹಾಳೆಯ ಮೇಲೂ ಬರೆದು, ಮಕ್ಕಳಿಗೆ ಬಣ್ಣದ ಕಡ್ಡಿ ಕೊಡುತ್ತಿದ್ದಳು. ಬಣ್ಣ ತುಂಬುತ್ತಲೇ ಅವು ಸೊಂಡಿಲು, ಕೊಂಬು, ಬಾಲ ಅಂತ ಹೆಸರು ಕಲಿಯುತ್ತಿದ್ದವು. ಬೆರಳಿಗೂ ಹಿಡಿತ ಬರುತ್ತಿತ್ತು.

ಮಕ್ಕಳು ಮನೆಗೆ ಹೋದ ಮೇಲೆ ನೀಲವ್ವನ ಇನ್ನೊಂದು ಕೆಲಸ ಶುರು. ಗೆರೆ ದಾಟಿದ ಬಣ್ಣ ಕೆರೆಯುವುದು, ಬಿಟ್ಟ ಜಾಗ ತುಂಬುವುದು, ಆಮೇಲೆ ಗೋಡೆಗೆ ಅಂಟಿಸುವುದು. ಬಂದ ಭಕ್ತರು ಭೇಷ್ ಅನ್ನಬೇಕಲ್ಲ! ಇಪ್ಪತ್ತೆಂಟು ಆನೆ ತಿದ್ದುವುದೆಂದರೆ ಹುಡುಗಾಟವೇ? ಕೈ ಸೋತು ಸುಣ್ಣವಾಗುತ್ತಿತ್ತು.

ಒಂದು ಮಧ್ಯಾಹ್ನ ಮಠದ ಗುರುಗಳು ಆ ಕಡೆ ಬಂದರು. ಅವರನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

"ಯಾಕವ್ವಾ ನೀಲವ್ವ, ಮಾರಿ ಬಾಡೇತಲ್ಲ?"

"ಸಾಕಾಗೇತ್ರಿ ಅಜ್ಜಾರ. ಶಾಲಿ ಬ್ಯಾರೇದವರಿಗೆ ಕೊಟ್ಟಬಿಡ್ರಿ."

"ಏನಾತು?"

"ಆ ಕಾಶವ್ವ ಅನ್ನೂ ಕೂಸು ಐತಲ್ರಿ, ಮೊದಲ ಮಾತು ಕಮ್ಮಿ. ಬಣ್ಣ ಹಚ್ಚೂವಾಗಷ್ಟ ನಗತಿತ್ತು. ಈಗ ನಾಕು ದಿನ ಆತು, ಕಡ್ಡೀನ ಮುಟ್ಟವಲ್ದು. ಮೂಲ್ಯಾಗ ಕುಂತಬಿಡತೈತಿ. ನೋಡಿದ್ರ ಕರುಳು ಚುರ್ ಅಂತೈತ್ರಿ."

"ಯಾಕಂತ ಕೇಳಿದೇನು?"

"ಗ್ವಾಡಿ ಮ್ಯಾಲೆ ಅದರ ಆನಿ ತೋರಿಸಿದ್ದೆ. 'ಇದು ನಂದಲ್ಲ' ಅಂತು. ಅದರದ ರೀ! ನಾ ಒಂಚೂರು ಚಂದ ಮಾಡಿದ್ದೆ, ಅಷ್ಟ."

ಅಜ್ಜಾರು ಗೋಡೆಯ ಮೇಲಿನ ಆನೆಗಳನ್ನು ಒಂದೊಂದಾಗಿ ನೋಡಿದರು.

"ಉಂಡಿಯೇನು?"

"ಇನ್ನೂ ಇಲ್ರಿ."

"ಮೊದಲ ಉಣ್ಣು."

ನೀಲವ್ವ ನುಚ್ಚು ಮಜ್ಜಿಗೆಯ ತಾಟು ಮುಂದಿಟ್ಟುಕೊಂಡಳು. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೆ ದಣಿದ ಕೈಯಿಂದ ಜಾರಿ ಮೊದಲ ತುತ್ತು ಸೀರೆಯ ಮೇಲೆ ಬಿತ್ತು. ಎರಡನೆಯದು ನೆಲದ ಮೇಲೆ.

ಅಜ್ಜಾರು ತಾಟನ್ನು ತಮ್ಮತ್ತ ಎಳೆದುಕೊಂಡರು. ಒಂದಗುಳೂ ಚೆಲ್ಲದಂತೆ ಅಷ್ಟನ್ನೂ ಉಂಡರು. ಬೆರಳು ಕೂಡ ನೆಕ್ಕಿದರು.

ನೀಲವ್ವ ಪಿಳಿಪಿಳಿ ನೋಡಿದಳು. ಅಯ್ಯೋ ಶಿವನೇ, ಗುರುವಿಗೆ ಬೇಡ ಅನ್ನುವುದು ಹೇಗೆ? ಹಸಿವಿಗೋ ಸಂಕಟಕ್ಕೋ ಕಣ್ಣಲ್ಲಿ ನೀರು ಬಂತು.

"ಅಜ್ಜಾರ, ಅದು ನನ್ನ ತಾಟು..."

ಅಜ್ಜಾರು ಖಾಲಿ ತಾಟನ್ನು ಆಕೆಯ ಮುಂದೆ ಸರಿಸಿದರು.

"ಹೌದವ್ವಾ, ನಿಂದ. ನೀ ಚೆಲ್ಲತಿದ್ದಿ, ನಾ ಚೆಲ್ಲದಂಗ ಉಂಡೆ. ಹೊಟ್ಟಿ ತುಂಬ್ತೇನು?"