ವಿಭೂತಿ ಬಳಿದ ನೋ ಪಾರ್ಕಿಂಗ್ ಬೋರ್ಡು

ನಮ್ಮೂರ ಬಸ್ ಸ್ಟ್ಯಾಂಡಿನ ಮುಂದೆ ಸಾಕಕ್ಕ ಟಿವಿಎಸ್ ಗಾಡಿ ನಿಲ್ಲಿಸಿಕೊಂಡು ಇಡ್ಲಿ ಮಾರ್ತಿದ್ಲು. ಆ ಚಟ್ನಿ ನೆನೆಸಿಕೊಂಡ್ರೆ ಈಗಲೂ ನನಗೆ ಬಾಯಲ್ಲಿ ನೀರೂರುತ್ತೆ.

ಒಂದ್ಸಲ ಆಯುಧಪೂಜೆ ಆದ ಮಾರನೇ ದಿನ, ಅವಳು ಇನ್ನೂ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಿರಲಿಲ್ಲ. ಟ್ರಾಫಿಕ್ ಎಎಸ್‌ಐ ಚೆಲುವರಾಜು ಬಂದ.

"ನೋ ಪಾರ್ಕಿಂಗಲ್ಲಿ ನಿಲ್ಲಿಸಿದ್ದೀಯ. ದಂಡ ಕಟ್ಟು, ಇಲ್ಲಾಂದ್ರೆ ಗಾಡಿ ಸ್ಟೇಷನ್ನಿಗೆ."

ಗಾಡಿ ಹೋದ್ರೆ ಅವತ್ತಿನ ವ್ಯಾಪಾರವೇ ಹೋದಂಗೆ.

"ಬೋರ್ಡ್ ಎಲ್ಲೈತೆ ಸಾರ್?"

"ಅಗೋ ಅಲ್ಲಿ. ಕಣ್ಣು ಕಾಣಲ್ವಾ?"

ಸಾಕಕ್ಕ ನೋಡಿದ್ಲು. ಕಂಬಕ್ಕೆ ಬಾಳೆಕಂದು, ಬೋರ್ಡಿಗೆ ಚೆಂಡುಹೂವಿನ ಹಾರ, ಮೇಲೆಲ್ಲ ವಿಭೂತಿ, ನಡುವೆ ಅಂಗೈಯಗಲ ಕುಂಕುಮ. ಒಂದಕ್ಷರವೂ ಕಾಣಲ್ಲ. ಹಿಂದಿನ ದಿನ ಪೊಲೀಸರು ಜೀಪಿನ ಜೊತೆ ಬೋರ್ಡಿಗೂ ಪೂಜೆ ಮಾಡಿಬಿಟ್ಟಿದ್ರು.

ಅವಳು ಚಪ್ಪಲಿ ಬಿಟ್ಟು ಕೈ ಮುಗಿದ್ಲು.

"ಯಾವ್ದೋ ದೇವ್ರು ಅಂದ್ಕಂಡಿದ್ದೆ ಸಾರ್. ನೀವೇ ಒಂಚೂರು ಒರೆಸಿ ತೋರಿಸಿ. ಓದ್ಕಂಡು ದಂಡ ಕಟ್ತೀನಿ."

ಚೆಲುವರಾಜು ಕರ್ಚೀಫ್ ತೆಗೆದ. ಕೈ ಬೋರ್ಡಿನ ಹತ್ತಿರ ಹೋಗಿ ಅಲ್ಲೇ ನಿಂತುಬಿಡ್ತು. ಪಕ್ಕದ ಕಾನ್ಸ್‌ಟೇಬಲ್ ಕಡೆ ನೋಡಿದ.

"ನನ್ನ ಕೈಲಿ ಆಗಲ್ಲ ಸಾರ್. ಮನೇಲಿ ಮಗಳ ಮದ್ವೆ ಐತೆ" ಅಂದ ಅವನು.

ಚೆಲುವರಾಜು ಅದೇ ಕರ್ಚೀಫಲ್ಲಿ ತನ್ನ ಮುಖ ಒರೆಸಿಕೊಂಡ.

"ಹೋಗ್ಲಿ, ಎರಡು ಪ್ಲೇಟ್ ಇಡ್ಲಿ ಕೊಡು."

"ಇಲ್ಲೇ ನಿಂತ್ಕಂಡು ಕೊಡಬೋದಾ ಸಾರ್?"

"ಸುಮ್ನೆ ಚಟ್ನಿ ಹಾಕಮ್ಮ."

ಸಾಕಕ್ಕ ಈಗ ಮಗಳ ಮನೇಲಿದ್ದಾಳೆ, ದೂರದ ಊರು. ಇಲ್ಲಿ ಹೊಸ ಬೋರ್ಡು ಹಾಕಿದ್ದಾರೆ, ಬೀದಿಯ ಆ ತುದಿಯಿಂದಲೂ ಓದಬಹುದು. ಓದಿದ್ರೆ ಹೊಟ್ಟೆ ತುಂಬುತ್ತಾ?