ಕಾರ್ಡು ಕೂಗಿದಾಗ ಬೋರಲಿಂಗ ಮಾಡಿದ್ದು

ನಿಂಗಾಜಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಕಂಪ್ಯೂಟರ್ ಕಲಿತಿದ್ದ, ಬುದ್ಧಿಯೊಂದು ಬಾಕಿಯಿತ್ತು. ಪಾಪ, ಆಕೆ ಊರಿನ ಹಾಲು ತಣ್ಣಗಿಡುವ ಕೇಂದ್ರ ನೋಡಿಕೊಳ್ಳುತ್ತಿದ್ದಳು. ಇನ್ನೊಂದು ಸಲ ಹಾಲು ಕೆಟ್ಟರೆ ಕೆಲಸದಿಂದ ತೆಗೀತೀವಿ ಅಂತ ಸಂಘದವರು ಹೇಳಿಹೋಗಿದ್ದರು. ಟ್ಯಾಂಕಿನ ಬಿಸಿ ಅಳೆಯೋ ಕಾರ್ಡೊಂದನ್ನು ಕಂಪ್ಯೂಟರಿಗೆ ಸಿಕ್ಕಿಸಿಯೂ ಹೋಗಿದ್ದರು.

"ಹಾಲು ಬಿಸಿಯಾಯ್ತಾ ಅಂತ ಕಾರ್ಡನ್ನ ಕೇಳ್ತಿರೋ ಹಂಗೆ ಪ್ರೋಗ್ರಾಮ್ ಬರಿ ಕಣ್ಲಾ" ಅಂದಳು ಅವ್ವ.

ಬರೆದ. ಆಯ್ತಾ, ಆಯ್ತಾ, ಆಯ್ತಾ ಅಂತ ಕಂಪ್ಯೂಟರ್ ಉಸಿರು ಬಿಡದೆ ಕೇಳಿತು. ಬೇರೆ ಕೆಲಸವೇ ಇಲ್ಲ. ಹಾಲು ಹಾಕಿದವರಿಗೆ ಅದು ಕೊಡೋ ಲೆಕ್ಕದ ಚೀಟಿ ಬರಲಿಲ್ಲ, ಬಾಗಿಲಲ್ಲಿ ಬೈಗುಳ ಶುರುವಾಯಿತು.

"ಕಾರ್ಡಿನ ಪ್ರಾಣ ತಿನ್ಬೇಡ ಕಣ್ಲಾ" ಅಂದಳು ಅವ್ವ. " ಬಿಸಿಯಾದ್ರೆ ಕಾರ್ಡೇ ಕೂಗ್ತದೆ. ಕೂಗು ಮೊದ್ಲು ಹೋಗೋದು ಕರ್ನೆಲ್‌ಗೆ, ಕಂಪ್ಯೂಟರಿನ ಒಳಮನೆಗೆ. ಅಲ್ಲಿ ನೀನು ಕೈಯಾಡಿಸಿದ್ರೆ ಯಂತ್ರವೇ ಮಕಾಡೆ ಮಲಗ್ತದೆ. ಕಾರ್ಡು ಕೊಟ್ಟೋರು ಅಲ್ಲಿ ಕಾವಲಿಗೆ ಒಂದು ಪುಟ್ಟ ಪ್ರೋಗ್ರಾಮ್ ಇಟ್ಟವ್ರೆ. ಹೊರಗಿರೋ ನಿನ್ನದನ್ನ ಅದೇ ಎಬ್ಬಿಸ್ತದೆ. ಅಲ್ಲೀಗಂಟ ನಿನ್ನದು ಮಲಗಿರ್ಲಿ, ಎಬ್ಬಿಸಿದ್ರೆ ಏಳ್ಲಿ."

"ಆಯ್ತು ಕಣವ್ವ."

ಕಾರ್ಡು ಕೂಗಿತು. ಕಾವಲು ಎಬ್ಬಿಸಿತು. ಪ್ರೋಗ್ರಾಮ್ ಎದ್ದಿತು. ಎದ್ದು ಸುಮ್ಮನಿತ್ತು. ಅವ್ವನೇ ಟ್ಯಾಂಕು ಮುಟ್ಟಿ ನೋಡಿ ಓಡಿಹೋಗಿ ಕೂಲರ್ ಹಾಕದಿದ್ದರೆ ಹಾಲು ಒಡೆಯುತ್ತಿತ್ತು.

"ಏಳ್ಲಿ ಅಂದೆ, ಎದ್ದಿತಲ್ಲವ್ವ?"

"ಎದ್ದ ಮೇಲೆ ಕೆಲಸ ಬ್ಯಾಡ್ವೇನ್ಲಾ? ಮೊದ್ಲು ಕಾರ್ಡಿನ ಬಾಯಿ ಮುಚ್ಚಿಸ್ಬೇಕು, ಇಲ್ಲಾಂದ್ರೆ ಕೂಗ್ತಾನೇ ಇರ್ತದೆ. ಆಮೇಲೆ ಗಂಟೆ ಬಾರಿಸ್ಬೇಕು. ಆಗ ನಾವು ಕೂಲರ್ ಹಾಕೋದು."

ಹಾಗೇ ಬರೆದ. ಬೆಳಿಗ್ಗೆ ಕಾರ್ಡಿನ ಬಾಯಿ ಮುಚ್ಚಿತು, ಗಂಟೆ ಹೊಡೆಯಿತು, ಕೂಲರ್ ಹಾಕಿದರು. ಸಂಜೆ ಹಾಲು ಮತ್ತೆ ಬಿಸಿಯಾಯಿತು. ಕಾರ್ಡು ಕಮಕ್ ಕಿಮಕ್ ಅನ್ನಲಿಲ್ಲ. ಆವತ್ತೂ ಹಾಲು ಉಳಿಸಿದ್ದು ಅವ್ವನ ಕೈಯೇ.

"ಮುಚ್ಚಿಸು ಅಂದೆ. ಮತ್ತೆ ತೆರೆಸು ಅಂದ್ಯಾ?"

ಅವ್ವ ಹಣೆ ಚಚ್ಚಿಕೊಂಡಳು. "ಗಂಟೆ ಬಾರಿಸಿದ ಮೇಲೆ ತೆರೆಸ್ಬೇಕು ಕಣೋ. ಇನ್ನೊಂದು ಕೇಳು. ಗಂಟೆ ಹೊಡೀತು ಅಂದ್ರೆ, ಕೈಯಲ್ಲಿ ಏನೇ ಇರ್ಲಿ, ಬಿಟ್ಟು ಓಡ್ಬೇಕು. ಕೂಲರ್ ಹಾಕ್ಬೇಕು. ತಿಳೀತಾ?"

"ತಿಳೀತು ಕಣವ್ವ."

ಮಾರನೆಯ ದಿನ ಕಾರ್ಡು ಕೂಗಿತು, ಕಾವಲು ಎಬ್ಬಿಸಿತು, ಪ್ರೋಗ್ರಾಮ್ ಎದ್ದು ಗಂಟೆ ಬಾರಿಸಿತು. ಒಂದೂ ತಪ್ಪಿಲ್ಲ. ಬೋರಲಿಂಗ ಆಗ ಟ್ಯಾಂಕಿನಿಂದ ಲಾರಿಗೆ ಹಾಲು ತುಂಬಿಸೋ ಪೈಪು ಹಿಡಿದು ನಿಂತಿದ್ದ. ಬಿಟ್ಟ. ಓಡಿದ. ಕೂಲರ್ ಹಾಕಿ, ಅದರ ಮುಂದೆಯೇ ಕೈಕಟ್ಟಿ ನಿಂತ.

ಅವ್ವ ಬರುವಷ್ಟರಲ್ಲಿ ಟ್ಯಾಂಕು ಬರಿದಾಗಿತ್ತು, ಬೀದಿಯೆಲ್ಲ ಹಾಲು. ಅವಳಿಗೆ ಅಳುವೇ ಬಂತು. "ಹೋಯ್ತಲ್ಲೋ, ನನ್ ಕೆಲಸ ಹೋಯ್ತಲ್ಲೋ."

ಬೋರಲಿಂಗ ಬಗ್ಗಿ, ಬೀದಿಯ ಹಾಲಿಗೆ ಬೆರಳದ್ದಿ ನೆಕ್ಕಿ ನೋಡಿದ.

"ಸುಮ್ಕಿರವ್ವ, ಚೂರೂ ಕೆಟ್ಟಿಲ್ಲ. ಸಂಘದೋರನ್ನ ಈಗ್ಲೇ ಕರ್ಸು, ಕುಡಿದು ನೋಡ್ಲಿ."