ಎರಡು ಕೆನ್ನೆ, ಏಳು ಲೇಪ

"ಗುರುಗಳೇ, ಜಪ ಹೆಚ್ಚೋ, ಧ್ಯಾನ ಹೆಚ್ಚೋ?" ಎಂದು ಶಿಷ್ಯನೊಬ್ಬ ಕೇಳಿದ. "ಎರಡನ್ನೂ ಮಾಡಿ ನೋಡಿದೆ. ತಿಳಿಯಲಿಲ್ಲ."

ಗುರುಗಳು ಈ ಕತೆ ಹೇಳಿದರು.

ಒಬ್ಬ ನೇಕಾರನಿಗೆ ಪಾರವ್ವ ಎಂಬ ಮಗಳಿದ್ದಳು. ಹದಿನಾರು ತುಂಬುವ ಹೊತ್ತಿಗೆ ಅವಳ ಮುಖದ ತುಂಬ ಮೊಡವೆ ಎದ್ದವು. ಓಣಿಯ ಹುಡುಗಿಯರೊಡನೆ ಹಾಡುತ್ತ ನೂಲು ಸುತ್ತುತ್ತಿದ್ದವಳು ಸೆರಗನ್ನು ಮುಖಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ಹಾಡು ನಿಂತಿತು. ಕನಸಿನಲ್ಲಿ ಮಾತ್ರ ಅವಳ ಮುಖ ತಿಳಿಯಾಗಿರುತ್ತಿತ್ತು. ಎಚ್ಚರವಾದೊಡನೆ ಬೆರಳು ಕೆನ್ನೆಗೆ ಹೋಗುತ್ತಿತ್ತು.

ಬೇವು ಒಳ್ಳೆಯದೆಂದು ಒಬ್ಬರು ಹೇಳಿದರು, ಚಂದನವೆಂದು ಇನ್ನೊಬ್ಬರು. ಪಾರವ್ವ ಜಾಣೆ. ಎಡಗೆನ್ನೆಗೆ ಬೇವು ಹಚ್ಚಿದಳು, ಬಲಗೆನ್ನೆಗೆ ಚಂದನ. ಯಾವುದು ಗೆಲ್ಲುವುದೋ ನೋಡೋಣ ಎಂದುಕೊಂಡಳು. ಮೂರನೆಯ ದಿನ ಬೇವು ಉರಿಯಿತು. ತೊಳೆದು ಅರಿಸಿನ ಹಚ್ಚಿದಳು. ಐದನೆಯ ದಿನವಾದರೂ ಚಂದನದಿಂದ ಏನೂ ಆಗಲಿಲ್ಲ. ತೊಳೆದು ಲೋಧ್ರ ಮರದ ತೊಗಟೆ ತೇಯ್ದು ಬಳಿದಳು. ಆಮೇಲೆ ಮತ್ತೊಂದು, ಮಗದೊಂದು. ತಿಂಗಳು ಕಳೆಯುವಷ್ಟರಲ್ಲಿ ಏಳು ಲೇಪಗಳಾದವು. ಎರಡೂ ಕೆನ್ನೆ ಕೆಂಡದಂತಾದವು.

ಹೊಳೆಯಾಚೆ ಔಷಧಿ ಕೊಡುವ ಮುದುಕಿಯೊಬ್ಬಳಿದ್ದಳು. ಪಾರವ್ವ ಅವಳ ಮುಂದೆ ಸೆರಗು ಸರಿಸಿ, "ಈ ಏಳರಲ್ಲಿ ಯಾವುದು ಒಳ್ಳೆಯದು, ಅಜ್ಜಿ?" ಎಂದಳು.

"ಯಾವುದರ ವಾಸನೆ ನಿನಗೆ ಹಿತ?"

"ಚಂದನದ್ದು."

"ಹಾಗಾದರೆ ಅದೇ ಸಾಕು. ಹತ್ತು ದಿನ ಏನನ್ನೂ ಹಚ್ಚದೆ ಬಿಡು, ಉರಿ ಆರಲಿ. ಆಮೇಲೆ ದಿನವೂ ಸಂಜೆ, ತೆಳ್ಳಗೆ. ಮೂರು ಹುಣ್ಣಿಮೆ ಕಳೆಯುವವರೆಗೆ ಕನ್ನಡಿ ನೋಡಬೇಡ."

ಪಾರವ್ವ ದಿನವೂ ಸಂಜೆ ಚಂದನ ತೇಯ್ದಳು. ಲೇಪ ಒಣಗುವವರೆಗೆ ಕಣ್ಣು ಮುಚ್ಚಿ ಕುಳಿತಿರುತ್ತಿದ್ದಳು. ಅಪ್ಪನ ಮಗ್ಗದ ಸದ್ದು ದೂರ ದೂರವಾಗುತ್ತಿತ್ತು. ಮುಖ ತಣ್ಣಗೆ, ತನ್ನದಲ್ಲವೆಂಬಂತೆ, ಎಲ್ಲಿಯೋ ನೀರಿನ ಮೇಲೆ ತೇಲುತ್ತಿತ್ತು. ಮೊದಲು ಎಷ್ಟು ದಿನವಾಯಿತೆಂಬುದು ಮರೆತುಹೋಯಿತು. ಆಮೇಲೆ ಏತಕ್ಕೆ ಹಚ್ಚುತ್ತಿದ್ದೇನೆಂಬುದೂ ಮರೆತುಹೋಯಿತು.

ಒಂದು ಮುಂಜಾನೆ ಬಾವಿಯ ಬಳಿ ಗೆಳತಿ, "ಇವತ್ತು ನೂಲು ಸುತ್ತೋಕೆ ಬರ್ತೀಯೇನೆ?" ಎಂದು ಕೇಳಿದಳು. ಪಾರವ್ವ ಹೋದಳು. ಬಿಸಿಲೇರುವವರೆಗೆ ಎಲ್ಲರೊಡನೆ ಹಾಡಿದಳು. ಸೆರಗು ಬೆಳಗಿನಿಂದಲೂ ಹೆಗಲ ಮೇಲೆಯೇ ಇದ್ದದ್ದು ಅವಳಿಗೆ ತಿಳಿದದ್ದು ಮನೆಗೆ ಬಂದ ಮೇಲೆ. ಕೆನ್ನೆ ಮುಟ್ಟಿಕೊಂಡಳು. ನುಣುಪಾಗಿತ್ತು. ಅಲ್ಲೊಂದು ಇಲ್ಲೊಂದು ಮೊಡವೆ ಇನ್ನೂ ಉಳಿದಿತ್ತು. ಇದ್ದರೆ ಇರಲಿ ಎನ್ನಿಸಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಬೇವಿಗಿಂತ ಚಂದನವೇ ಮೇಲು ಎಂದಾಯಿತಲ್ಲವೇ?" ಎಂದ.

ಗುರುಗಳು ಅವನನ್ನು ನೋಡಿ ಕೇಳಿದರು: "ಮಗು, ನೀನು ಜಪ ಮಾಡಿದ್ದು ಎಷ್ಟು ದಿನ?"